ಮಹಾರಾಜರ ಹಾರ

ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಚೆಂಡುಹೂವಿನ ವಾಸನೆ ಬಂದರೆ ಈಗಲೂ ನನಗೆ ಅಪ್ಪ ಎತ್ತಿ ಹಿಡಿದ ಆ ಹಾರ ನೆನಪಾಗುತ್ತದೆ.

ಅಪ್ಪ ಬ್ಯಾಂಕಿನ ಸಿಪಾಯಿ. ನಮ್ಮೂರ ಮಹಾರಾಜರು ಕಟ್ಟಿದ ಆ ಬ್ಯಾಂಕು, ಸಂಸ್ಥಾನ ಹೋದರೂ ಹೆಸರು ಬದಲಿಸಿ ಉಳಿದಿತ್ತು. ಆ ವರ್ಷ ಅದನ್ನು ಮುಂಬೈಯ ಬ್ಯಾಂಕೊಂದು ನುಂಗಿತು. ಯಾರ ನೌಕರಿ ಉಳಿಯಬೇಕೆಂದು ಪಟ್ಟಿ ಬರೆಯುವವರು ಮ್ಯಾನೇಜರ್ ಸಾಹೇಬರು. ದಿನವೂ ಸತ್ತ ಮಹಾರಾಜರ ಫೋಟೋಗೆ ಕೈಮುಗಿದೇ ಕೂರುತ್ತಿದ್ದವರು.

ನಾನು ಬುತ್ತಿ ತಂದ ಆ ಮಧ್ಯಾಹ್ನ ಅವರು ಅಪ್ಪನಿಗೆ, “ಆ ಮಹಾರಾಜರ ಫೋಟೋ ತಗದು ಒಗಿ. ಫ್ರೇಮ್ ಭಾಳ ಚಲೋ ಅದ, ಹೊಸ ಚೇರ್ಮನ್‌ರ ಫೋಟೋ ಹಾಕು,” ಎಂದರು.

ಅಪ್ಪ ಫೋಟೋ ಬದಲಿಸಿ, ಗಾಜು ಒರೆಸಿ, ಮಹಾರಾಜರಿಗೆ ಮುಂಜಾನೆ ಹಾಕಿದ್ದ ಚೆಂಡುಹೂವಿನ ಹಾರ ಎತ್ತಿ ಹಿಡಿದ.

“ಇನ್ನೂ ಬಾಡಿಲ್ರಿ ಸಾಹೇಬ್ರ. ಇವರಿಗೂ ನಡೀತದೇನ್ರಿ?”

ನಮ್ಮ ಮನೆಯಲ್ಲಿ ತೀರಿಹೋದವರ ಫೋಟೋಗೆ ಮಾತ್ರ ಹಾರ.

“ನಡೀತದ, ನಡೀತದ,” ಎಂದ ಸಾಹೇಬರ ಬೆನ್ನು ಹೊಸ ಫೋಟೋದ ಮುಂದೆ ಮೂಳೆಯಿಲ್ಲದಂತೆ ಬಾಗಿತು.

ನಾಲ್ಕು ಗಂಟೆಗೆ ಚೇರ್ಮನ್‌ರೇ ಬಂದು, ಗೋಡೆಯ ಮೇಲೆ ಹಾರದೊಳಗಿನ ತಮ್ಮದೇ ಮುಖ ನೋಡುತ್ತ ನಿಂತರು.