ನಲವತ್ತೆರಡು ಹೊಗೆಗೂಡಿನ ಸಾಕ್ಷಿ

ಸಾಕ್ಷಿ ಹಾಕುತ್ತೇನೆಂದು ಮಾತು ಕೊಟ್ಟಿದ್ದ ಗೆಳೆಯ ಫೆಲಿಕ್ಸ್ ಸರಿಯಾದ ಹೊತ್ತಿಗೆ ಕೈಕೊಟ್ಟ. ಅವನ ಕಾರು ದುಬೈಯ ರಾಸ್ ಅಲ್ ಖೋರ್‌ನ ಗ್ಯಾರೇಜಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತಂತೆ. ಭಾರತದ ಕಾನ್ಸುಲೇಟಿನ ಎದುರಿನ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸಿಕೊಂಡು ಡ್ರೈವರ್ ಮೋಹನದಾಸ ಊರಿನ ವಕೀಲರಿಗೆ ಕಾರಿನ ಸ್ಪೀಕರಿನಲ್ಲೇ ಫೋನು ಹಚ್ಚಿದ.

"ಎರಡನೇ ವಿಟ್‌ನೆಸ್ ಇಲ್ಲ ಮಾರ್ರೆ. ಇವತ್ತು ಬಿಟ್ಟರೆ ಮತ್ತೆ ಪುರುಸೊತ್ತು ಸಿಗುವುದು ರಂಜಾನ್ ಕಳೆದ ಮೇಲೆಯೇ."

"ಯಾರಾದ್ರೂ ಆಗ್ತದೆ. ಪಾಸ್‌ಪೋರ್ಟ್ ಇದ್ದವರು ಒಬ್ರು ಸೈನ್ ಹಾಕಿದ್ರೆ ಮುಗೀತು," ಎಂದು ವಕೀಲರು ಫೋನಿಟ್ಟರು.

ಹಿಂದಿನ ಸೀಟಿನಿಂದ ಊರುಗೋಲಿನ ಹಿಡಿಕೆ ಅವನ ಹೆಗಲಿಗೆ ತಟ್ಟಿತು. "ವಿಟ್‌ನೆಸ್, ಪಾಸ್‌ಪೋರ್ಟ್, ಸೈನ್. ಮೂರೂ ಕೇಳಿಸಿತು ಮೋಹನ್. ಹೊಸ ಕಿವಿಯಂತ್ರ ಚೆನ್ನಾಗಿದೆ. ಎಲ್ಲಿ ಆ ಕಾಗದ?"

ಅವರು ತೊಂಬತ್ತೊಂದರ ಲೇಡಿ ವಿನಿಫ್ರೆಡ್. ಕಿವಿ ಡಾಕ್ಟರ ಹತ್ತಿರದಿಂದ ಮನೆಗೆ ಕರೆದೊಯ್ಯುವ ದಾರಿಯಲ್ಲಿ ಮೋಹನದಾಸ ಈ ಅರ್ಧ ಗಂಟೆ ಕದ್ದಿದ್ದ. ಅವರ ತಂದೆ ಇಂಗ್ಲೆಂಡಿನಲ್ಲಿ ಅರ್ಲ್. ಅರ್ಲ್ ಎಂದರೆ ನಮ್ಮ ಬೀಡಿನ ಬಲ್ಲಾಳರ ಹಾಗೆ, ಸೀಮೆಗೇ ಒಡೆಯರು ಎಂದು ಅವನು ತನ್ನಷ್ಟಕ್ಕೆ ತಿಳಿದುಕೊಂಡಿದ್ದ. ಆ ಅರ್ಲ್‌ಗೆ ಮೂವರೂ ಹೆಣ್ಣುಮಕ್ಕಳು. ತಂದೆ ತೀರಿದ್ದೇ ತಡ, ನಲವತ್ತೆರಡು ಹೊಗೆಗೂಡಿನ ಆ ಅರಮನೆ, ಪದವಿ, ಕಾಡು, ಕೆರೆ ಎಲ್ಲವೂ ಕೆನಡಾದಲ್ಲಿ ಸೈಕಲ್ ಬಿಡಿಭಾಗ ಮಾರುತ್ತಿದ್ದ, ಮುಖ ಕಂಡಿರದ ಒಬ್ಬ ದಾಯಾದಿಯ ಪಾಲಾಯಿತು. ಹಿರಿಮಗಳಾದ ಇವರು ಟೈಪಿಸ್ಟ್ ಆದರು. ಈಗ ದುಬೈಯಲ್ಲಿ ಮೊಮ್ಮಗನ ಮನೆ. "ನನ್ನ ಸಂಸ್ಥಾನ ಒಂದು ಕೋಣೆ, ಒಂದು ಎಸಿ. ಅದರ ರಿಮೋಟೂ ಮೊಮ್ಮಗನ ಹೆಂಡತಿಯ ವಶದಲ್ಲಿದೆ," ಎಂದು ತಾವೇ ನಗುತ್ತಿದ್ದರು.

ಈ ಕಥೆ ಮೊದಲ ಸಲ ಕೇಳಿದ ದಿನ ಮೋಹನದಾಸನ ನಾಲಗೆ ಸುಮ್ಮನಿರಬಾರದಿತ್ತೆ? "ನಮ್ಮಲ್ಲಿ ಹಾಗಿಲ್ಲ ಮ್ಯಾಡಂ! ನಮ್ಮದು ಅಳಿಯಕಟ್ಟು. ಮನೆ ಹೆಣ್ಣಿನದ್ದು, ಗಂಡು ಬರೇ ವಾಚ್‌ಮನ್!" ಎಂದುಬಿಟ್ಟಿದ್ದ. ಊರಿಗೇ ದೊಡ್ಡದಾದ ತಮ್ಮ ಗುತ್ತಿನ ಮನೆಯ ಎಂಟು ಕೆತ್ತನೆ ಕಂಬಗಳನ್ನು ಆ ಗುಂಗಿನಲ್ಲಿ ಹದಿನಾರು ಮಾಡಿದ್ದ. ಅಂದಿನಿಂದ ಮನೆಗೆ ಬಂದ ಪ್ರತಿ ಅತಿಥಿಗೂ ಮುದುಕಿ, "ಇವನು ಮೋಹನ್. ನಮ್ಮ ಮನೆಯಲ್ಲಿ ನಾಗರಿಕ ದೇಶದಿಂದ ಬಂದವನು ಇವನೊಬ್ಬನೇ," ಎಂದು ಪರಿಚಯಿಸುತ್ತಿದ್ದರು. ಕಾರಿನ ಬಾಗಿಲು ತೆರೆದು ನಿಲ್ಲುವ ಗುತ್ತಿನ ಕುಳಕ್ಕೆ ಇದಕ್ಕಿಂತ ದೊಡ್ಡ ಬಿರುದು ಇನ್ನಾವುದಿದ್ದೀತು!

ಇವತ್ತಿನ ಮುಕ್ತ್ಯಾರುನಾಮೆ ಮಾತ್ರ ಬೇರೆಯೇ ಹೇಳುತ್ತಿತ್ತು. ಗುತ್ತಿನ ಮನೆಯಲ್ಲಿರುವ ತಂಗಿ ವಸಂತಿಯ ಮೇಲೆ ಪಾಲಿನ ದಾವೆ ಹೂಡಿ, ಅವಳನ್ನು ಎಬ್ಬಿಸಿ, ಮನೆ ಮಾರಿಸುವ ಅಧಿಕಾರ ವಕೀಲರಿಗೆ. ಕಾಯ್ದೆ ಬದಲಾಗಿ ಎಷ್ಟು ಕಾಲವಾಯಿತು, ಗಂಡಿಗೂ ಪಾಲುಂಟಲ್ಲ? ಹೆಂಡತಿ ಶರ್ಮಿಳಾ ಮಂಗಳೂರಿನಲ್ಲಿ ಲಿಫ್ಟ್ ಇರುವ ಫ್ಲ್ಯಾಟು ನೋಡಿಟ್ಟಿದ್ದಳು. ಪರದೆಯ ಬಣ್ಣವೂ ನಿಶ್ಚಯವಾಗಿತ್ತು.

"ಬೇಡ ಮ್ಯಾಡಂ, ಇದು ಕನ್ನಡದಲ್ಲಿ ಉಂಟು."

"ಹಾಗಾದರೆ ಓದಿ ಹೇಳು. ಕೇಳದೆ ಸಹಿ ಹಾಕುವವಳಲ್ಲ ನಾನು. ನನ್ನ ತಾಯಿ ಹಾಗೆ ಒಂದು ಕಾಗದಕ್ಕೆ ಸಹಿ ಹಾಕಿದಳು. ಮೂರೇ ವಾರದಲ್ಲಿ ನಾವೆಲ್ಲ ತೋಟದವನ ಬಿಡಾರಕ್ಕೆ ಬಂದೆವು. ನಾಯಿಯೊಂದು ಅರಮನೆಯಲ್ಲೇ ಉಳಿಯಿತು. ಅದು ಗಂಡು ನೋಡು."

ಮೋಹನದಾಸ ಕನ್ನಡಕ ಏರಿಸಿದ. 'ನನ್ನ ತಂಗಿಯಾದ ವಸಂತಿಯನ್ನು ಸದರಿ ಮನೆಯಿಂದ ತೆರವುಗೊಳಿಸಿ' ಎಂದಿತ್ತು. "ನನ್ನ ತಂಗಿ ವಸಂತಿ..." ಎಂದು ಇಂಗ್ಲಿಷಿನಲ್ಲಿ ಶುರುಮಾಡಿದ. ಮುದುಕಿ ಕಿವಿಯಂತ್ರವನ್ನು ಸರಿಪಡಿಸಿಕೊಂಡು ಮುಂದೆ ಬಾಗಿದರು. ಕನ್ನಡಿಯಲ್ಲಿ ಆ ಕಣ್ಣು ಕಂಡದ್ದೇ ತಪ್ಪಾಯಿತು. "...ಅದೇ ಮನೆಯಲ್ಲಿ ಇರತಕ್ಕದ್ದು," ಎಂದುಬಿಟ್ಟ.

ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವನಿಗೂ ಇಳಿಜಾರಿನಲ್ಲಿ ಸುಳ್ಳಿನ ಬ್ರೇಕು ಸಿಗಲಿಲ್ಲ. 'ಅವಳ ಮೇಲೆ ದಾವೆ ಹೂಡಿ' ಎಂಬುದು 'ಅವಳ ನಂತರ ಅವಳ ಹೆಣ್ಣುಮಕ್ಕಳಿಗೆ' ಎಂದಾಯಿತು. 'ಹರಾಜಿನ ಮೂಲಕ' ಎಂಬಲ್ಲಿಗೆ ಬಂದಾಗ "ಮಾಡು ಸೋರಿದರೆ ಹೆಂಚು ಹಾಕಿಸುವುದು ಅಣ್ಣನ ಕೆಲಸ" ಎಂದ. ಕೊನೆಗೆ ಕಾಗದದಲ್ಲಿ ಎಲ್ಲೂ ಇರದ ಹಲಸಿನ ಮರವನ್ನೂ ತಂಗಿಗೇ ಕೊಟ್ಟ. ಕೊಡುಗೈ ಕರ್ಣ! ಎಸಿ ಹದಿನೆಂಟರಲ್ಲಿತ್ತು, ಅಂಗಿ ಬೆನ್ನಿಗೆ ಅಂಟಿತ್ತು.

"ಖಲಾಸ್ ಮ್ಯಾಡಂ."

"ಆ ಹಲಸಿನ ಮರದ್ದು ಇನ್ನೊಮ್ಮೆ ಓದು."

ಎಲ್ಲಿಂದ ಓದುವುದು? 'ತೆರವುಗೊಳಿಸಿ' ಎಂಬ ಶಬ್ದದ ಮೇಲೆಯೇ ಬೆರಳಿಟ್ಟು ಮರವನ್ನು ಇನ್ನೊಮ್ಮೆ ಕೊಟ್ಟ.

ಮುದುಕಿ ಮೊಣಕಾಲ ಮೇಲೆ ಕೈಚೀಲವಿಟ್ಟು, ಅದರ ಮೇಲೆ ಕಾಗದ ಹರಡಿ ಸಹಿ ಹಾಕಿದರು. ಹೆಸರು ಸಾಕ್ಷಿಯ ಗೆರೆಯನ್ನು ದಾಟಿ ಮೋಹನದಾಸನ ಹೆಸರಿನ ಮೇಲೂ ಒಂದು ಬಾಲ ಎಳೆದು ನಿಂತಿತು. "ಇಂಥದ್ದೊಂದು ಕಾಗದವನ್ನು ನಮ್ಮ ಕಡೆ ಯಾರೂ ಬರೆಯಲಿಲ್ಲ," ಎಂದು ಪೆನ್ನಿನ ಮುಚ್ಚಳ ಹಾಕಿ, ಕಿಟಕಿಯ ಕಡೆಗೆ ತಿರುಗಿಕೊಂಡರು.

ಕಾಗದ ಹಿಡಿದು ಮೋಹನದಾಸ ಕಾನ್ಸುಲೇಟಿನ ಗೇಟಿನ ತನಕ ನಡೆದ. ಅಲ್ಲಿ ಬಿಸಿಲಿನಲ್ಲಿ ನಿಂತ. ಹಿಂದೆಯೇ ವಕೀಲರ ಫೋನು.

"ಸಾಕ್ಷಿ ಸಿಕ್ಕಿತಾ?"

"ಸಿಕ್ಕಿತು."

"ಮತ್ತೆಂತ ನೋಡ್ತೀರಿ? ಹೋಗಿ ಕೊಟ್ಟು ಬನ್ನಿ."

"ಇಲ್ಲ ವಕೀಲರೇ. ನೀವು ಬೇರೆಯೇ ಕಾಗದ ಬರೆದು ಕಳಿಸಬೇಕು."

"ಯಾಕೆ, ಸಹಿ ತಪ್ಪಿತಾ?"

ಮೋಹನದಾಸ ತಿರುಗಿ ಕಾರಿನತ್ತ ನೋಡಿದ.

"ಸಹಿ ಒಂದೇ ಸರಿ ಉಂಟು ಮಾರ್ರೆ. ಬಾಕಿದ್ದೆಲ್ಲ ತಪ್ಪು."