ಅರಸೀಕೆರೆಯ ತಿದ್ದುಪಡಿ

ಎಂದೋ ಆದ ತಪ್ಪೊಂದನ್ನು ನಡೆದೇ ಇಲ್ಲವೆಂಬಂತೆ ತಿದ್ದಿಸಬೇಕಾದರೆ ಅಂದು ಅಲ್ಲಿದ್ದ ಮೂವರು ಒಪ್ಪಬೇಕು, ಒಬ್ಬರೂ ಬೇಡ ಎನ್ನಬಾರದು. ತಿಪಟೂರಿನ ದರ್ಜಿ ಚನ್ನವೀರಪ್ಪ ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ರೈಲಿನಲ್ಲೇ ಮರೆತು ಅರಸೀಕೆರೆಯಲ್ಲಿ ಇಳಿದುಬಿಟ್ಟಿದ್ದ. ಇಪ್ಪತ್ತು ವರ್ಷದ ಮೇಲೆ ಅದನ್ನು ತಿದ್ದಿಸಲು ಅರ್ಜಿ ಹಾಕಿದ.

ತಿದ್ದುಪಡಿ ಕಚೇರಿಯಲ್ಲಿ, ಅಂದು ಸ್ಟೇಷನ್ನಿಗೆ ಎದುರುಗೊಳ್ಳಲು ಬಂದಿದ್ದ ಮಾವ ಕೈ ಎತ್ತಿದರು. ಟೀ ಮಾರುತ್ತಿದ್ದ ರಜಾಕ್ ಸಾಬರೂ ಹಮಾಲಿ ನಿಂಗಣ್ಣನೂ ಎತ್ತಿದರು.

"ಬೇಡ ಅನ್ನೋರು ಯಾರಾದ್ರೂ ಇದೀರಾ?" ಗುಮಾಸ್ತೆ ವಾಡಿಕೆಯಂತೆ ಕೇಳಿದಳು.

ಹೆಂಡತಿ ಪುಟ್ಟಗಂಗಮ್ಮ ಎದ್ದು ನಿಂತಳು. "ನಾನಿದೀನಿ."

"ಕಾರಣ ಹೇಳ್ಬೇಕಮ್ಮ."

"ಇಷ್ಟು ವರ್ಷ ಎಲ್ಲಾ ಜಗಳಾನೂ ಅದೊಂದರಲ್ಲೇ ಗೆದ್ದಿದೀನಿ. ಅದೂ ಹೋದ್ರೆ ನಾನು ಬರಿಗೈ."

ಗುಮಾಸ್ತೆ ಬರೆದುಕೊಂಡಳು. "ಬೇರೆ ಏನಾದ್ರೂ?"

ಪುಟ್ಟಗಂಗಮ್ಮ ದನಿ ತಗ್ಗಿಸಿದಳು. "ನಾನು ಮುಂದಿನ ಸ್ಟೇಷನ್ನಿಂದ ವಾಪಸ್ ಬಂದಾಗ ಇವರು ಬೆಂಚಿನ ಮೇಲೆ ಕೂತು ಅಳ್ತಿದ್ರು. ನನಗೋಸ್ಕರ ಅತ್ತಿದ್ದು ಅದೊಂದೇ ಸಲ."

"ಅಳ್ತಿರ್ಲಿಲ್ಲ, ಕಣ್ಣಿಗೆ ಧೂಳು ಬಿದ್ದಿತ್ತು," ಎಂದು ಚನ್ನವೀರಪ್ಪ ಗೊಣಗಿದ.

ಗುಮಾಸ್ತೆ ಅರ್ಜಿಯ ಮೇಲೆ 'ತಿರಸ್ಕೃತ' ಎಂದು ಮುದ್ರೆ ಒತ್ತಿದಳು. "ಅತ್ತಿದ್ದನ್ನ ಧೂಳು ಅಂತ ತಿದ್ದಿಸ್ಬೇಕಾದ್ರೆ ಬೇರೆ ಅರ್ಜಿ ಹಾಕಿ."

ರಜಾಕ್ ಸಾಬರು ಕುಳಿತಲ್ಲಿಂದಲೇ ಹೇಳಿದರು, "ಅದಕ್ಕೆ ನಾನು ಒಪ್ಪಲ್ಲ. ಮೂರು ಲೋಟ ಟೀ ಕುಡಿಸಿ ಸಮಾಧಾನ ಮಾಡಿದ್ದು ನಾನು."