ಕಸ್ತೂರೆವ್ವನ ದವಡೆಯ ಸದ್ದು

ಆ ಊರಿನ ಬಾಗಿಲುಗಳಿಗೆ ಬೀಗವಿರಲಿಲ್ಲ, ಒಳಗೊಂದು ಚಿಲಕ ಮಾತ್ರ. ಮನೆಯವರು ಬಾಯಿ ಆಡಿಸಿದರೆ, ದವಡೆಯ ಸದ್ದು ಗುರುತಿಸಿ ತಾವೇ ತೆರೆಯುತ್ತಿದ್ದವು. ಸೊಪ್ಪು ಮಾರುವ ಕಸ್ತೂರೆವ್ವನ ಗುರುತು ಅವಳ ಬಲದವಡೆಯ ‘ಕಟಕ್’. ಅದೇ ದವಡೆ ನೋವಾಗಿ, ಈಗ ಬಾಯಿ ಒಂದೇ ಬೆರಳು ಹಿಡಿಯುವಷ್ಟು ತೆರೆಯುತ್ತಿತ್ತು. ಕೂಗಲಾಗದೆ ಸೊಪ್ಪೆಲ್ಲ ಬುಟ್ಟಿಯಲ್ಲೇ ಉಳಿಯುತ್ತಿತ್ತು.

ಹಲ್ಲಿನ ಡಾಕ್ಟರ್ ಶಹನಾಜ್ ಅವಳ ಕಿವಿಯ ಮುಂದೆ ಬೆರಳಿಟ್ಟು ನೋಡಿದರು. “ನಿದ್ದ್ಯಾಗ ಹಲ್ಲು ಕಡೀತೀರಿ. ದವಡಿ ಕೀಲು ಸರದೈತಿ. ರಾತ್ರಿ ಹಲ್ಲಿಗೆ ನೈಟ್ ಗಾರ್ಡ್ ಅನ್ನೋ ಕವಚಾ ಹಾಕ್ಕೊಂಡು ಶಾಖಾ ಕೊಟ್ರ ವಾಸಿ ಆಕ್ಕೈತಿ. ಆದ್ರ ವಾಸಿ ಆದ್ರ ಸದ್ದೂ ಹೋಗ್ತೈತಿ, ಸದ್ದು ಹೋದ್ರ ಬಾಗಿಲಾ ನಿಮ್ಮ ಗುರ್ತಾ ಹಿಡಿಯಂಗಿಲ್ಲ. ಭಾಳ ಮಂದಿ ಇಷ್ಟು ಕೇಳಿ ಎದ್ದು ಹೋಗ್ತಾರ.”

“ಬಾಗಿಲದ ಸಲುವಾಗಿ ನಾ ಬಾಯಿ ಮುಚ್ಕೊಂಡು ಇರಬೇಕೇನ್ರಿ? ಕೊಡ್ರಿ ಅದನ್ನ.”

ಮೂರು ತಿಂಗಳಿಗೆ ಬಾಯಲ್ಲಿ ಮೂರು ಬೆರಳು ಹಿಡಿದವು. ಅಂದು ಬುಟ್ಟಿ ತುಂಬಿಸಿಕೊಂಡು ಸಂತೆಯಿಂದ ಬಂದವಳು ತನ್ನ ಮನೆಯ ಬಾಗಿಲ ಮುಂದೆ ಬಾಯಿ ಆಡಿಸಿದಳು. ಸದ್ದೇ ಬರಲಿಲ್ಲ.

“ಗುರುತಿಲ್ಲ,” ಎಂದಿತು ಬಾಗಿಲು.

ಕಸ್ತೂರೆವ್ವ ಓಣಿಯತ್ತ ತಿರುಗಿ ಬಾಯ್ತುಂಬ ಕೂಗಿದಳು: “ಮೆಂತೇ ಪಲ್ಯಾ, ರಾಜಗಿರಿ, ಸಬ್ಬಸಗಿ...”

ಸೊಪ್ಪು ಕೊಳ್ಳುವವರು ಹೊರಬರಲು ಒಂದೊಂದಾಗಿ ಓಣಿಯ ಬಾಗಿಲುಗಳು ತೆರೆದವು. ಕೊನೆಗೆ ಅವಳ ಮನೆಯದೂ ತೆರೆಯಿತು. ಕೂಗು ಕೇಳಿ ಗುರುತು ಹಿಡಿದ ಅತ್ತೆ ಒಳಗಿನಿಂದ ಚಿಲಕ ತೆಗೆದಿದ್ದಳು.